ಕಲಸುಮೇಲೋಗರ

ಮಕ್ಕಳೇ, ಮನೆಯಲ್ಲಿ ಪುಸ್ತಕ, ಬಟ್ಟೆ, ಆಟದ ಸಾಮಾನು ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದರೆ ಹಿರಿಯರು ಏನೆನ್ನುತ್ತಾರೆ? “ಇದೇನು, ಎಲ್ಲಾ ಕಲಸುಮೇಲೋಗರ ಮಾಡಿಟ್ಟಿದ್ದೀರಿ!” ಎಂದು ಗದರಿಸುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಪದ್ಯ, ಪದ್ಯದ ಪುಸ್ತಕದಲ್ಲಿ ಲೆಕ್ಕ ಬರೆದರೂ ಇದೇ ಮಾತು. ಬಾಯಿ ತುಂಬುವ ಈ ಪದ ಹುಟ್ಟಿದ್ದು ಅಡುಗೆಮನೆಯಲ್ಲಿ. ಅದು ಹೇಗೆಂದು ತಿಳಿಯೋಣ.

ಮೊದಲು ಪದವನ್ನು ಬಿಡಿಸೋಣ. ಇದರಲ್ಲಿ ‘ಕಲಸು’, ‘ಮೇಲೋಗರ’ ಎಂಬ ಎರಡು ಪದಗಳಿವೆ. ಹಾಲಿಗೆ ನೀರು ಸೇರಿಸಿದರೆ ‘ಬೆರೆಸಿದರು’ ಎನ್ನುತ್ತೇವೆ. ರೊಟ್ಟಿಗೆ ಹಿಟ್ಟು ಸಿದ್ಧ ಮಾಡಿದರೆ ‘ಕಲಸಿದರು’ ಎನ್ನುತ್ತೇವೆ. ಕೈಯಾಡಿಸಿ, ಬೇರೆ ಬೇರೆ ವಸ್ತುಗಳು ಒಂದಾಗುವಂತೆ ಮಾಡುವುದೇ ಕಲಸುವುದು.

ಇನ್ನು ‘ಮೇಲೋಗರ’. ‘ಓಗರ’ ಎಂದರೆ ಅನ್ನ, ಊಟ. ಇದು ಹಳೆಯ ಪದ. ಶಿವಶರಣರ ವಚನಗಳಲ್ಲಿಯೂ ಬರುತ್ತದೆ. ಇಂದು ನಾವು ‘ಓಗರ ಬಡಿಸಿ’ ಎಂದು ಕೇಳುವುದಿಲ್ಲ. ಆದರೆ ಪದ ಪೂರ್ತಿ ಮರೆಯಾಗಿಲ್ಲ. ‘ಪುಳಿಯೋಗರೆ’ಯಲ್ಲಿ ಅದು ಅಡಗಿ ಕುಳಿತಿದೆ. ‘ಪುಳಿ’ ಎಂದರೆ ಹುಳಿ. ಹುಳಿಯ ಓಗರವೇ ಪುಳಿಯೋಗರೆ. ನಮ್ಮ ನೆರೆಯ ತೆಲುಗು ಭಾಷೆಯಲ್ಲಿಯೂ ‘ಓಗಿರಮು’ ಎಂದರೆ ಊಟವೇ.

ಓಗರದ ಮೇಲೆ ಬಡಿಸಿಕೊಳ್ಳುವ ಪದಾರ್ಥ ಮೇಲೋಗರ. ಉಡುಪಿಯ ಕಡೆ ತರಕಾರಿ, ಬೇಳೆ, ತೆಂಗಿನಕಾಯಿ ಹಾಕಿ ಮಾಡುವ ಒಂದು ಅಡುಗೆಗೆ ಇಂದಿಗೂ ಇದೇ ಹೆಸರಿದೆ. ಊಟದ ಎಲೆಯಲ್ಲಿ ಪಲ್ಯಕ್ಕೊಂದು ಜಾಗ, ಚಟ್ನಿಗೊಂದು ಜಾಗ, ಸಿಹಿಗೊಂದು ಜಾಗ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಕಲಸಿಬಿಟ್ಟರೆ ಯಾವುದರ ರುಚಿಯೂ ತಿಳಿಯುವುದಿಲ್ಲ. ಅದು ಕಲಸುಮೇಲೋಗರ. ಊಟದ ಈ ಮಾತು ಎಲೆಯಿಂದ ಎದ್ದು ಊರೆಲ್ಲ ಸುತ್ತಿತು. ಕ್ರಮವಿಲ್ಲದೆ ಬೆರೆತ ಎಲ್ಲಕ್ಕೂ ಹೆಸರಾಯಿತು.

ಬೇರೆ ಭಾಷೆಯವರು ಏನೆನ್ನುತ್ತಾರೆ? ತೆಲುಗಿನಲ್ಲಿ ‘ಕಲಗೂರಗಂಪ’ ಎಂಬ ಮಾತಿದೆ. ‘ಕಲ’ ಎಂದರೆ ಬೆರೆತ, ‘ಕೂರ’ ಎಂದರೆ ಕಾಯಿಪಲ್ಯ, ‘ಗಂಪ’ ಎಂದರೆ ಬುಟ್ಟಿ. ಎಲ್ಲ ಕಾಯಿಪಲ್ಯ ಬೆರೆತ ಬುಟ್ಟಿ ಎಂದರ್ಥ. ನಮ್ಮಲ್ಲಿ ‘ಮಳೆ’, ‘ಕಾಲ’ ಸೇರಿ ‘ಮಳೆಗಾಲ’ ಆಗುವಂತೆ ಅವರಲ್ಲಿ ‘ಕೂರ’ ‘ಗೂರ’ ಆಗಿದೆ. ನಮ್ಮ ‘ಕಲಸು’, ತೆಲುಗಿನ ‘ಕಲುಪು’ ಒಂದೇ ಬೇರಿನಿಂದ ಬಂದ ಪದಗಳು. ಉರ್ದು, ಹಿಂದಿ ಮಾತನಾಡುವವರು ಇಂಥದ್ದನ್ನು ‘ಖಿಚಡಿ’ ಎನ್ನುತ್ತಾರೆ. ಅದು ಅಕ್ಕಿ, ಬೇಳೆ ಸೇರಿಸಿ ಬೇಯಿಸಿದ ಅಡುಗೆ. ಇಂಗ್ಲಿಷಿನ ‘ಹಾಜ್‌ಪಾಜ್’ ಕೂಡ ಮೊದಲು ಮಾಂಸ, ತರಕಾರಿ ಕೂಡಿಸಿ ಬೇಯಿಸಿದ ಒಂದು ಸಾರಿನ ಹೆಸರು. ನೋಡಿದಿರಾ? ಭಾಷೆ ಬೇರೆಯಾದರೂ ಎಲ್ಲರೂ ಈ ಪದವನ್ನು ಹುಡುಕಿಕೊಂಡು ಹೋದದ್ದು ಅಡುಗೆಮನೆಗೇ!

ಹಾಗಾದರೆ ಬೆರೆಸುವುದೇ ತಪ್ಪೇ? ಇಲ್ಲ. ನಮ್ಮ ಆದೋನಿಯ ಉಗ್ಗಾನಿಯನ್ನೇ ನೋಡಿ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ ತೆಗೆಯುತ್ತಾರೆ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಗೆ ಅದನ್ನು ಹಾಕುತ್ತಾರೆ. ಮೇಲೆ ಹುರಿಗಡಲೆಯ ಪುಡಿ ಉದುರಿಸಿ ಕಲಸುತ್ತಾರೆ. ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ! ಬಳ್ಳಾರಿಯ ಕಡೆ ಈ ತಿಂಡಿಯನ್ನು ‘ಒಗ್ಗರಣೆ’ ಎಂದೇ ಕರೆಯುತ್ತಾರೆ. ಇದೂ ಬೆರಕೆಯೇ. ಆದರೆ ಹದವರಿತ ಬೆರಕೆ. ಮಂಡಕ್ಕಿ ಹೆಚ್ಚು ಹೊತ್ತು ನೆನೆದರೆ ಮುದ್ದೆಯಾಗುತ್ತದೆ, ನೆನೆಯದಿದ್ದರೆ ಒಣಗಿರುತ್ತದೆ.

ನಮ್ಮ ಸೀಮೆಯೂ ಹೀಗೆ ಬೆರೆತು ಬೆಳೆದದ್ದೇ. ಆದೋನಿ, ಆಲೂರು ತಾಲೂಕುಗಳು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಯಿತು. ಆಗ ಇವು ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಗೆರೆ ಬದಲಾಯಿತು. ಆದರೆ ಜನರ ಮನೆಮಾತು ಬದಲಾಗಲಿಲ್ಲ. ಆದ್ದರಿಂದಲೇ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳುತ್ತವೆ.

ಇಲ್ಲಿನ ಮಕ್ಕಳ ಮಾತನ್ನು ಕೇಳಿ “ನಿಮ್ಮದು ಕಲಸುಮೇಲೋಗರ ಕನ್ನಡ” ಎಂದು ಯಾರಾದರೂ ನಕ್ಕರೆ ನೀವು ತಲೆ ತಗ್ಗಿಸಬೇಡಿ. ಬೇರೆ ಭಾಷೆಯ ಪದಗಳನ್ನು ಪಡೆಯದ ಭಾಷೆ ಎಲ್ಲಿದೆ? ಬೆಂಗಳೂರಿನವರೂ ಮೈಸೂರಿನವರೂ ದಿನವೂ ಬಳಸುವ ‘ಕುರ್ಚಿ’ ಅರಬ್ಬಿಯಿಂದ ಬಂದದ್ದು, ‘ರಸ್ತೆ’ ಪಾರಸಿಯಿಂದ ಬಂದದ್ದು, ‘ಅಲಮಾರು’ ಪೋರ್ಚುಗೀಸಿನಿಂದ ಬಂದದ್ದು. ‘ಬಸ್ಸು’, ‘ರೈಲು’ ಇಂಗ್ಲಿಷಿನವು. ಇವೆಲ್ಲ ಈಗ ಕನ್ನಡದ ಮನೆಯ ಮಕ್ಕಳೇ ಆಗಿವೆ.

ಆದರೆ ಉಗ್ಗಾನಿಗೆ ಹದ ಬೇಕಾದಂತೆ ಮಾತಿಗೂ ಹದ ಬೇಕು. ತೆಲುಗಿನಲ್ಲಿ ‘ಬಡಿ’ ಎಂದರೆ ಶಾಲೆ, ಕನ್ನಡದಲ್ಲಿ ‘ಬಡಿ’ ಎಂದರೆ ಹೊಡೆ! ತೆಲುಗಿನಲ್ಲಿ ‘ತೊಂದರ’ ಎಂದರೆ ಅವಸರ, ಕನ್ನಡದಲ್ಲಿ ‘ತೊಂದರೆ’ ಎಂದರೆ ಕಷ್ಟ. ಬೇಗ ಬಾ ಎನ್ನಲು “ತೊಂದರೆಯಿಂದ ಬಾ” ಎಂದು ಪತ್ರ ಬರೆದರೆ, ಬಳ್ಳಾರಿಯ ಅತ್ತೆ ಏನೋ ಕಷ್ಟ ಬಂದಿದೆ ಎಂದು ಹೆದರಿಯಾರು! ಯಾವ ಪದ ಯಾವ ಮನೆಯದು ಎಂದು ತಿಳಿದು ಬೆರೆಸಿದರೆ ಅದು ಸಂಪತ್ತು. ತಿಳಿಯದೆ ಬೆರೆಸಿದರೆ ಮಾತ್ರ ಕಲಸುಮೇಲೋಗರ. ಮೂರು ಭಾಷೆ ಕೇಳಿ ಬೆಳೆಯುವ ನಿಮಗೆ ಈ ಅರಿವು ಬೇರೆಯವರಿಗಿಂತ ಬೇಗ ಬರುತ್ತದೆ.

ಪದಗಳ ಅರ್ಥ
ಓಗರ – ಅನ್ನ, ಊಟ
ಬೆರಕೆ – ಮಿಶ್ರಣ
ಹದ – ಸರಿಯಾದ ಪ್ರಮಾಣ, ಪಾಕ
ಸೀಮೆ – ಪ್ರದೇಶ
ಅರಿವು – ತಿಳಿವಳಿಕೆ

ಅಭ್ಯಾಸ
1. ‘ಮೇಲೋಗರ’ ಎಂದರೇನು?
2. ‘ಕಲಸು’, ‘ಬೆರೆಸು’ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ.
3. ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದ್ದು ಯಾವಾಗ?
4. ಮಾತಿಗೂ ಹದ ಬೇಕು ಎಂದು ಪಾಠದಲ್ಲಿ ಏಕೆ ಹೇಳಿದೆ?
5. ಮಾಡಿ ನೋಡಿ: ನಿಮ್ಮ ಮನೆಯಲ್ಲಿ ಆಡುವ ಹತ್ತು ಪದಗಳನ್ನು ಬರೆಯಿರಿ. ಅವು ಕನ್ನಡದವೋ, ತೆಲುಗಿನವೋ, ಉರ್ದುವಿನವೋ ಎಂದು ಹಿರಿಯರನ್ನು ಕೇಳಿ ಪಟ್ಟಿ ಮಾಡಿ.