ಲೋಗೋ ಬೆನ್ನಿಗಂಟಿದ ಬಿಳಿ ಚೌಕ

ಮದುವೆ, ಗೃಹಪ್ರವೇಶದ ಹಂಗಾಮು ಬಂತೆಂದರೆ ಮೈಸೂರಿನ ಲಕ್ಷ್ಮೀಪುರಂ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಸರ್, ಹಿಂದಿರೋ ಬಿಳಿ ಬಾಕ್ಸ್ ತೆಗೆದುಕೊಡ್ತೀರಾ?’ ಮರೂನ್ ಕಾರ್ಡಿನ ಮೇಲೆ ಗಣಪತಿ ಬಿಳಿ ಚೌಕದೊಳಗೆ ಕೂತರೆ ಯಾರಿಗೂ ಹಿಡಿಸದು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಿಂದ ಗ್ರಾಫ್ ಹಿಡಿದು ಬರುವ ಸಂಶೋಧನಾ ವಿದ್ಯಾರ್ಥಿಗಳದ್ದೂ ಇದೇ ತಕರಾರು.

ಪರದೆಯ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿಗಳಿರುತ್ತವೆ. ಪಾರದರ್ಶಕ ಚಿತ್ರಕ್ಕೆ ನಾಲ್ಕನೆಯದೊಂದು ಬೇಕು. ಅದರ ಹೆಸರು ಆಲ್ಫಾ. ಅದು 0 ಆದರೆ ಚುಕ್ಕೆ ಕಾಣದು, 255 ಆದರೆ ಗಟ್ಟಿ ಬಣ್ಣ. 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ರೂಪಿಸಿದ ಈ ಉಪಾಯಕ್ಕೆ 1984ರಲ್ಲಿ ಪೋರ್ಟರ್ ಮತ್ತು ಡಫ್ ಗಣಿತದ ಚೌಕಟ್ಟು ಕೊಟ್ಟರು.

ಆದರೆ ಎಲ್ಲ ಫೈಲುಗಳಲ್ಲೂ ಈ ಅಂಕಿಗೆ ಜಾಗವಿಲ್ಲ. ಜಿಫ್‌ನಲ್ಲಿ ಚುಕ್ಕೆ ಕಾಣಬೇಕು, ಇಲ್ಲವೇ ಪೂರ್ತಿ ಮಾಯವಾಗಬೇಕು. ಹಾಗಾಗಿ ಕನ್ನಡ ಅಕ್ಷರಗಳ ದುಂಡು ಅಂಚು ಗರಗಸವಾಗುತ್ತದೆ. 1996ರಲ್ಲಿ ಬಂದ ಪಿಎನ್‌ಜಿ ನಡುವಿನ ಮಟ್ಟಗಳನ್ನೂ ಉಳಿಸಿಕೊಳ್ಳುತ್ತದೆ. ಜೆಪಿಇಜಿಯಲ್ಲಿ ಆಲ್ಫಾ ಇಲ್ಲವೇ ಇಲ್ಲ. ಖಾಲಿ ಜಾಗಕ್ಕೆ ಬಿಳಿಯೋ ಕಪ್ಪೋ ತುಂಬುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲೋಗೋವನ್ನು ಫೋಟೊ ಎಂದು ಕಳಿಸಿದರೆ ಆಗುವುದು ಇದೇ. ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲು ಇದ್ದ ಹಾಗೇ ತಲುಪುತ್ತದೆ.

ಹೋದ ಪಾರದರ್ಶಕತೆಯನ್ನು ಮರಳಿ ತರುವುದು ನಾಜೂಕಿನ ಕೆಲಸ. ಬಿಳಿಯನ್ನು ಆಯ್ದು ಅಳಿಸಿದರೂ ಅಂಚಿನ ಚುಕ್ಕೆಗಳಲ್ಲಿ ಬಿಳಿ ಬೆರೆತೇ ಇರುತ್ತದೆ. ಬಿಳಿ ಹಾಳೆಯ ಮೇಲೆ ಅದು ಗೊತ್ತಾಗುವುದಿಲ್ಲ. ಮರೂನ್ ಮೇಲೆ ಇಟ್ಟೊಡನೆ ಗಣಪತಿಯ ಸೊಂಡಿಲಿನ ಸುತ್ತ ಬೂದು ಗೆರೆ ಎದ್ದು ಕಾಣುತ್ತದೆ. ಚಿತ್ರವನ್ನು ಹಿಗ್ಗಿಸಿ, ಅಂಚಿನಿಂದ ಒಂದೆರಡು ಚುಕ್ಕೆಯಷ್ಟು ಒಳಕ್ಕೆ ಸವರಬೇಕು. ಚಿತ್ರ ಬಿಡಿಸಿದ ಮೂಲ ಕೋರೆಲ್‌ಡ್ರಾ ಫೈಲು ಸಿಕ್ಕರೆ ಈ ಯಾವ ರಗಳೆಯೂ ಇಲ್ಲ.

ಗ್ರಾಫಿನ ವಿಷಯ ಸಲೀಸು. ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಚಿತ್ರ ಉಳಿಸುವಾಗ ‘ಟ್ರಾನ್ಸ್‌ಪರೆಂಟ್’ ಆಯ್ಕೆ ಕೊಟ್ಟರಾಯಿತು. ಆರ್ ಭಾಷೆಯ ಜಿಜಿಪ್ಲಾಟ್‌2ನಲ್ಲಿ ಹೊರಹಾಳೆ, ಒಳಚೌಕ ಎರಡರ ಬಣ್ಣವನ್ನೂ ತೆಗೆಯಬೇಕು. ಒಂದನ್ನು ಮರೆತರೆ ಆ ಭಾಗದ ಬಣ್ಣ ಹಾಗೇ ಉಳಿಯುತ್ತದೆ.

ಹಾಗೆಂದು ಎಲ್ಲದಕ್ಕೂ ಹಿನ್ನೆಲೆ ತೆಗೆಸಬೇಕಿಲ್ಲ. ಪಾರದರ್ಶಕ ಗ್ರಾಫನ್ನು ಕಪ್ಪು ಸ್ಲೈಡಿನ ಮೇಲೆ ಇಟ್ಟರೆ ಅದರ ಕಪ್ಪು ಅಂಕಿಗಳೂ ಗೆರೆಗಳೂ ಕಣ್ಮರೆಯಾಗುತ್ತವೆ. ಬಿಳಿ ಕಾಗದದಲ್ಲಿ ಅಚ್ಚಾಗುವ ಪ್ರಬಂಧಕ್ಕೆ ಬಿಳಿ ಹಿನ್ನೆಲೆಯೇ ಕ್ಷೇಮ. ಚಿತ್ರ ಯಾವ ಬಣ್ಣದ ಮೇಲೆ ಕೂರುತ್ತದೆ ಎಂಬುದನ್ನು ಮೊದಲೇ ತೀರ್ಮಾನಿಸಿ, ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೆ ಅಂಗಡಿಯವರ ಅರ್ಧ ಕೆಲಸ ಮುಗಿದಂತೆಯೇ.