ಮಗಳ ಓಟಕ್ಕೆ ಬಿಟ್ಟಿ ಸೀಟು ಬಂದಾಗ

ನಿಮ್ಮ ಮಗಳು ತಾಲ್ಲೂಕು ಮಟ್ಟದಲ್ಲಿ ಗೆದ್ದಳು, ಜಿಲ್ಲೆಯಲ್ಲಿ ಗೆದ್ದಳು, ರಾಜ್ಯ ಮಟ್ಟದ ಓಟದಲ್ಲಿ ಪದಕವನ್ನೂ ತಂದಳು ಎಂದಿಟ್ಟುಕೊಳ್ಳಿ. ಮಾರನೆಯ ವಾರವೇ ಹಿತೈಷಿಯೊಬ್ಬರು ಮನೆಗೆ ಬರುತ್ತಾರೆ. "ನೋಡಮ್ಮ, ಬೆಂಗಳೂರಲ್ಲಿ ನಮ್ಮ ಕಾಲೇಜಿಗೆ ಸೇರಿಸಿಬಿಡಿ. ಫೀಸು, ಹಾಸ್ಟೆಲ್ಲು ಎಲ್ಲಾ ಬಿಟ್ಟಿ. ಷೂಸು ನಾನೇ ಕೊಡಿಸ್ತೀನಿ" ಅನ್ನುತ್ತಾರೆ. ಅವರು ಪ್ರಿನ್ಸಿಪಾಲರೂ ಅಲ್ಲ, ಕೋಚೂ ಅಲ್ಲ. ಕಾಲೇಜಿನ ಹಳೆಯ ವಿದ್ಯಾರ್ಥಿ, ಅದಕ್ಕೆ ದೇಣಿಗೆ ಕೊಡುವವರು, ಆಟದ ಹುಚ್ಚಿನವರು.

ಇಂಥ ಮಾತಿಗೆ ಬೇಡ ಎನ್ನುವ ತಾಯಿ ಯಾರಿದ್ದಾರು? ಆದರೆ ಹೂಂ ಎನ್ನುವ ಮೊದಲು ಸ್ವಲ್ಪ ತಾಳಿ.

ಬನ್ನೇರುಘಟ್ಟ ರಸ್ತೆಯ ಹುಳಿಮಾವನ್ನೇ ನೋಡಿ. ಕೆರೆ, ಗುಹಾ ದೇವಾಲಯಗಳ ಈ ಊರು ಹಿಂದೆ ಬೆಂಗಳೂರಿನ ಹೊರಗಿನ ಹಳ್ಳಿ. ಇಂದು ಕ್ರೈಸ್ಟ್ ವಿಶ್ವವಿದ್ಯಾಲಯದ ಒಂದು ಆವರಣವೇ ಇಲ್ಲಿದೆ. ಜಯನಗರ, ಬನಶಂಕರಿಗಳ ಕಡೆಗೂ ಕಾಲೇಜುಗಳಿಗೆ ಬರವಿಲ್ಲ. ದೂರದ ಊರುಗಳ ಮಕ್ಕಳು ಬಂದು ಹಾಸ್ಟೆಲು, ಪಿ.ಜಿ.ಗಳಲ್ಲಿ ಉಳಿದು ಓದುತ್ತಾರೆ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಆಡುವ ಮಕ್ಕಳನ್ನು ಕಾಲೇಜುಗಳು ಹುಡುಕುವುದರಲ್ಲಿ ತಪ್ಪೇನೂ ಇಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಉಚಿತವಾಗಿ ಓದಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೇಳಬೇಕಾದ ಪ್ರಶ್ನೆ ಒಂದೇ. ಕೊಡುತ್ತಿರುವುದು ಕಾಲೇಜೋ, ನಡುವೆ ನಿಂತ ವ್ಯಕ್ತಿಯೋ?

ಅಮೇರಿಕದಲ್ಲಿ ಇಂಥ ಹಿತೈಷಿಗಳಿಗೆ "ಬೂಸ್ಟರ್" ಎಂಬ ಹೆಸರೇ ಇದೆ. ಅಲ್ಲಿ ಕಾಲೇಜು ಆಟವೆಂದರೆ ನಮ್ಮ ಊರ ಜಾತ್ರೆಯಷ್ಟೇ ಸಂಭ್ರಮ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಎಂಬ ಸಂಸ್ಥೆ ಬೂಸ್ಟರ್‌ಗಳಿಗೆಂದೇ ಕಟ್ಟುಪಾಡು ಬರೆಯಿತು. ಮಗು ಒಂಬತ್ತನೇ ತರಗತಿಗೆ ಕಾಲಿಟ್ಟಿತೆಂದರೆ ಕಾಲೇಜಿನ ಕಣ್ಣಿಗೆ ಬಿದ್ದ ಆಟಗಾರನೆಂದೇ ಲೆಕ್ಕ. ನಮ್ಮ ಕಾಲೇಜಿಗೆ ಬಾ ಎಂದು ಬೂಸ್ಟರ್ ಅವನನ್ನಾಗಲಿ ಮನೆಯವರನ್ನಾಗಲಿ ಒತ್ತಾಯಿಸುವಂತಿರಲಿಲ್ಲ. ಹಣ, ಬಟ್ಟೆ, ಸಾಲ, ಪ್ರಯಾಣದ ಖರ್ಚು, ಅಪ್ಪನಿಗೊಂದು ಕೆಲಸ, ಇವು ಯಾವುದನ್ನೂ ಕೊಡುವಂತಿರಲಿಲ್ಲ. ಮೊದಲಿನಿಂದಲೂ ಮನೆಗೆ ಬಳಕೆಯಿದ್ದವರು ಎಂದಿನಂತೆ ಬಂದುಹೋಗಬಹುದು, ಕಾಲೇಜಿನ ಮಾತು ಮಾತ್ರ ಎತ್ತಕೂಡದು. ದೇಣಿಗೆ ಕೊಡುವ ಆಸೆಯಿದ್ದರೆ ನೇರವಾಗಿ ಕಾಲೇಜಿಗೇ ಕೊಡಬೇಕು.

ಇಷ್ಟು ಬಿಗಿ ಏಕೆ? ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಹುಡುಗರಿಗೆ ಬೂಸ್ಟರ್‌ಗಳ ಹಣ ಗುಟ್ಟಾಗಿ ಸಂದಾಯವಾಗುತ್ತಿತ್ತು. ಅದು ಹೊರಬಿದ್ದು 1987ರ ಇಡೀ ಋತುವಿನ ಆಟವನ್ನೇ ರದ್ದುಮಾಡಲಾಯಿತು. 1988ರಲ್ಲೂ ತಂಡ ಕಣಕ್ಕಿಳಿಯಲಿಲ್ಲ. ಹಣ ಮುಟ್ಟದ ಹುಡುಗರಿಗೂ ಮೈದಾನ ಇಲ್ಲವಾಯಿತು.

ಈಗ ಅಲ್ಲಿ ಗಂಟು ಸಡಿಲವಾಗಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಜಾಹೀರಾತಿನಿಂದ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ಆಟಗಾರರಿಗೆ ಹಣ ಕೊಡಬಹುದು. ಆದರೆ ಅಲ್ಲಿಗೆ ಓದಲು ಹೋದ ನಮ್ಮ ಮಕ್ಕಳು ಎಚ್ಚರವಾಗಿರಬೇಕು. ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಕಟ್ಟುನಿಟ್ಟಿನ ಮಿತಿಯಿದೆ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಜಾಹೀರಾತಿನ ಹಣ ಮುಟ್ಟಿದರೆ ವೀಸಾಕ್ಕೇ ಕುತ್ತು.

ನಮ್ಮ ಮನೆಯಲ್ಲಾದರೋ ಕಟ್ಟುಪಾಡು ಹಾಕಿಕೊಳ್ಳಬೇಕಾದವರು ನಾವೇ. ಈ ಆರು ಮಾತು ನೆನಪಿನಲ್ಲಿರಲಿ.

1. ಮಾತುಕತೆ ಕಾಲೇಜಿನ ಕಚೇರಿಯಲ್ಲೇ ಆಗಲಿ. ಯಾವ ಫೀಸಿಗೆ ಮಾಫಿ, ಹಾಸ್ಟೆಲು ಊಟ ಸೇರಿದೆಯೋ, ಎಷ್ಟು ವರ್ಷಕ್ಕೆ, ಎಲ್ಲವೂ ಮೊಹರಿರುವ ಕಾಗದದ ಮೇಲೆ ಬರಲಿ. "ಬಾಯಿಮಾತೇ ಸಾಕಮ್ಮ" ಎಂದರೆ ಸಾಲದು.

2. ಮಂಡಿಗೆ ಪೆಟ್ಟು ಬಿದ್ದು ಓಡಲಾಗದಿದ್ದರೆ ಸೀಟು ಉಳಿಯುತ್ತದೆಯೇ? ಚಿಕಿತ್ಸೆಯ ಖರ್ಚು ಯಾರದು? ಕೇಳಲು ಸಂಕೋಚ ಬೇಡ. ಮೂರು ವರ್ಷದ ಓದು ಒಂದು ಮಂಡಿಯ ಮೇಲೆ ನಿಲ್ಲಬಾರದು.

3. ಅಂಕಪಟ್ಟಿಗಳ ಮೂಲಪ್ರತಿಯನ್ನು ಒತ್ತೆ ಇಟ್ಟಂತೆ ಯಾರ ಕೈಗೂ ಕೊಡಬೇಡಿ. ಕಾಲೇಜುಗಳೂ ಮೂಲಪ್ರತಿಗಳನ್ನು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಆದೇಶಿಸಿದೆ. ನೋಡಿ ವಾಪಸು ಕೊಡಬೇಕು.

4. ಹಾಜರಿ, ಪರೀಕ್ಷೆಗಳ ವ್ಯವಸ್ಥೆ ಹೇಗೆಂದು ತಿಳಿಯಿರಿ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೂ ಪೂರ್ಣಾವಧಿ ವಿದ್ಯಾರ್ಥಿಯೇ ಆಗಿರಬೇಕು. ಹೆಸರಿಗೆ ಸೇರಿಸಿ ಮೈದಾನದಲ್ಲೇ ಇಟ್ಟರೆ ಕೊನೆಗೆ ಪದವಿ ಕೈಗೆ ಬರದು.

5. ಶಕ್ತಿ ಬರುತ್ತದೆಂದು ಯಾರಾದರೂ ಪುಡಿ ಡಬ್ಬ, ಮಾತ್ರೆ ಕೊಟ್ಟರೆ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕುವುದು ಬೇಡ. ಪರೀಕ್ಷೆಯಲ್ಲಿ ನಿಷೇಧಿತ ಮದ್ದು ಸಿಕ್ಕರೆ ಹೊಣೆ ಆಟಗಾರ್ತಿಯದೇ. "ಅಂಕಲ್ ಕೊಟ್ಟರು, ನನಗೆ ಗೊತ್ತಿರಲಿಲ್ಲ" ಎಂದ ಮಾತ್ರಕ್ಕೆ ಪಾರಾಗಲಾಗದು.

6. ಆಯ್ಕೆಯ ಟ್ರಯಲ್ಸಿಗೆ ಮಗಳೊಬ್ಬಳನ್ನೇ ಕಳಿಸಬೇಡಿ. ಹಾಸ್ಟೆಲಿನಲ್ಲಿ ಮಹಿಳಾ ವಾರ್ಡನ್ ಇದ್ದಾರೆಯೇ, ಊರೂರಿಗೆ ಪಂದ್ಯಕ್ಕೆ ಹೋಗುವಾಗ ಜೊತೆಗೆ ಯಾರು, ನೋಡಿಕೊಳ್ಳಿ. ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕೆಂಬುದು ನಿಯಮ. ಸದಸ್ಯರ ಹೆಸರು, ಫೋನ್ ನಂಬರು ಮಗಳಿಗೂ ಗೊತ್ತಿರಲಿ.

ಯಾರ ಹಂಗೂ ಇಲ್ಲದ ದಾರಿಗಳೂ ಇವೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಟ್ರಯಲ್ಸ್ ಮೂಲಕ ಆಯ್ಕೆ ನಡೆಯುತ್ತದೆ. ಊಟ, ವಸತಿ, ತರಬೇತಿ ಸರ್ಕಾರದ್ದೇ. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ಕೈಖರ್ಚಿಗೆಂದೇ ತಿಂಗಳಿಗೆ 10,000 ರೂಪಾಯಿ ನಿಗದಿಯಾಗಿದೆ. ವೃತ್ತಿ ಕೋರ್ಸುಗಳಲ್ಲಿ ಕ್ರೀಡಾ ಕೋಟಾದ ಸೀಟುಗಳಿವೆ. ಅದಕ್ಕೇ ಪ್ರತಿ ಪಂದ್ಯದ ಸರ್ಟಿಫಿಕೇಟನ್ನೂ ಜೋಪಾನವಾಗಿ ಫೈಲಿನಲ್ಲಿಡಿ. ಕಪ್ಪು ಷೋಕೇಸಿಗೆ, ಕಾಗದ ಬದುಕಿಗೆ!

ಮನೆಗೆ ಬಂದ ಹಿತೈಷಿಗಳೆಲ್ಲ ಕೆಟ್ಟವರಲ್ಲ. ನಿಜವಾದ ಅಭಿಮಾನದಿಂದ ಬಂದವರೂ ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು, ನಯವಾಗಿ ಹೀಗೆನ್ನಿ: "ನಿಮ್ಮ ವಿಶ್ವಾಸ ದೊಡ್ಡದು ಸಾರ್. ಆ ಹಣಾನ ಕಾಲೇಜಿನ ಕ್ರೀಡಾ ನಿಧಿಗೇ ಕೊಡಿ. ನಮ್ಮ ಹುಡುಗಿಗೆ ಯೋಗ್ಯತೆ ಇದ್ರೆ ಅಲ್ಲಿಂದಲೇ ಸಿಗುತ್ತೆ, ಅವಳ ಜೊತೆ ಇನ್ನೂ ನಾಲ್ಕು ಮಕ್ಕಳಿಗೂ ಆಗುತ್ತೆ." ಒಳ್ಳೆಯವರಾದರೆ ಈ ಮಾತಿಗೆ ಬೇಸರ ಮಾಡಿಕೊಳ್ಳುವುದಿಲ್ಲ.