ಬೆಂಕಿ ನೀರಾಯಿತು, ಕೊಳ್ಳಿ ಮೀನಾಯಿತು

ಉರ್ಫಾ ಕಬಾಬಿಗೆ ಹೆಸರಾದ ಊರು. ಬೆಳಗಿನ ತಿಂಡಿಗೇ ಕೆಂಡದ ಮೇಲೆ ಈಲಿ ಸುಟ್ಟು ತಿನ್ನುವ ಜನ ಅಲ್ಲಿದ್ದಾರೆ. ಅಂಥ ಊರಿನ ನಟ್ಟನಡುವೆ ಒಂದು ಕೊಳ, ಅದರ ತುಂಬ ಕೊಬ್ಬಿದ ಮೀನು. ಅವನ್ನು ಯಾರೂ ಮುಟ್ಟುವುದಿಲ್ಲ. ತಿಂದವರ ಕಣ್ಣು ಹೋಗುತ್ತದಂತೆ. ಸಾವಿರಾರು ಮೀನುಗಳ ನಡುವೆ ಬಿಳಿಯದೊಂದು ಕಂಡರೆ ಸ್ವರ್ಗದ ಬಾಗಿಲು ತೆರೆದ ಹಾಗೆ.

ಬಾಲಿಕ್ಲಿಗೋಲ್ ಎಂಬ ಈ ಮೀನಿನ ಕೊಳ ಇರುವುದು ತುರ್ಕಿಯ ಆಗ್ನೇಯದಲ್ಲಿ, ಸಿರಿಯಾ ಗಡಿಗೆ ಹತ್ತಿರ. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರೆಂಚರನ್ನು ಎದುರಿಸಿ ನಿಂತದ್ದಕ್ಕೆ 1984ರಲ್ಲಿ ಸರ್ಕಾರ ಬಿರುದು ಸೇರಿಸಿ ಊರನ್ನು ಶಾನ್ಲಿಉರ್ಫಾ ಮಾಡಿತು. ಜನರ ಬಾಯಲ್ಲಿ ಅದು ಈಗಲೂ ಉರ್ಫಾ, ಇಲ್ಲವೇ ‘ಪ್ರವಾದಿಗಳ ಊರು’.

ಇಲ್ಲಿಯ ಪ್ರವಾದಿ ಹಜರತ್ ಇಬ್ರಾಹೀಮರು ನಮಗೆ ಅಪರಿಚಿತರಲ್ಲ. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾದಲ್ಲಿ ಬಕ್ರೀದ್ ನಮಾಜಿಗೆ ಸೇರುವವರು ನೆನೆಯುವುದು ಇವರ ತ್ಯಾಗವನ್ನೇ. ಕಲ್ಯಾಣ ನಗರ, ಲಿಂಗರಾಜಪುರದ ಚರ್ಚುಗಳಲ್ಲಿ ಇವರೇ ಅಬ್ರಹಾಮ. ಉರ್ಫಾದ ಕಥೆ ಮಾತ್ರ ಕುರ್ಬಾನಿಗಿಂತ ಹಿಂದಿನದು, ಅವರ ಎಳೆವಯಸ್ಸಿನದು. ವಿಗ್ರಹಗಳನ್ನು ಒಡೆದ ಹುಡುಗನನ್ನು ದೊರೆ ನಮ್ರೂದ್ ಕೋಟೆಯ ಮೇಲಿಂದ ಕವಣೆಯಂತ್ರದಲ್ಲಿ ಬೆಂಕಿಗೆ ಎಸೆಸಿದ. ದೇವರ ಅಪ್ಪಣೆಯಾಯಿತು. ಬೆಂಕಿ ನೀರಾಯಿತು, ಉರಿಯುತ್ತಿದ್ದ ಕೊಳ್ಳಿಗಳು ಮೀನಾದವು. ಇಬ್ರಾಹೀಮರನ್ನು ನಂಬಿದ್ದ ನಮ್ರೂದನ ಮಗಳು ಝೆಲಿಹಾ ತಾನೂ ಬೆಂಕಿಗೆ ಹಾರಿದಳು. ಅವಳ ಹೆಸರಿನಲ್ಲಿ ಪಕ್ಕದಲ್ಲೇ ಇನ್ನೊಂದು ಚಿಕ್ಕ ಕೊಳವಿದೆ.

ಬೆಂಕಿ ತಣ್ಣಗಾದ ಮಾತು ಕುರ್‌ಆನಿನಲ್ಲಿದೆ. ಮೀನಾಗಲಿ, ಕೊಳವಾಗಲಿ, ಉರ್ಫಾ ಎಂಬ ಹೆಸರಾಗಲಿ ಅಲ್ಲಿಲ್ಲ. ಅದೆಲ್ಲ ಊರವರು ಸೇರಿಸಿಕೊಂಡದ್ದು. ಅದಕ್ಕೆ ಮೂಗು ಮುರಿಯಬೇಕಿಲ್ಲ. ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಎಂಬ ಗುಡ್ಡ ನಮ್ಮಲ್ಲಿ ಎಷ್ಟು ಜಿಲ್ಲೆಗಳಲ್ಲಿಲ್ಲ?

ನನ್ನ ಕುತೂಹಲವೆಲ್ಲ ಮೀನಿನ ಮೇಲೆ. ಊರಿಗೆ ಎಡೆಸ್ಸಾ ಎಂಬ ಹೆಸರಿದ್ದ ಕಾಲದಲ್ಲಿ, ಸುಮಾರು ಕ್ರಿ.ಶ. 384ರಲ್ಲಿ, ಎಗೇರಿಯಾ ಎಂಬ ಕ್ರೈಸ್ತ ಯಾತ್ರಿಕಳು ಇಲ್ಲಿಗೆ ಬಂದಳು. ಅರಮನೆಯ ಬುಗ್ಗೆಗಳಲ್ಲಿ ದೊಡ್ಡ ದೊಡ್ಡ ಮೀನು ಕಂಡದ್ದನ್ನು ಬರೆದಿಟ್ಟಳು. ಅವಳಿಗೆ ಊರವರು ಹೇಳಿದ ಕಥೆಯೇ ಬೇರೆ: ಪರ್ಷಿಯನ್ನರು ಮುತ್ತಿಗೆ ಹಾಕಿ ಊರಿನ ನೀರು ತಪ್ಪಿಸಿದಾಗ ದೇವರ ಕೃಪೆಯಿಂದ ಈ ಬುಗ್ಗೆಗಳು ಒಡೆದವು ಎಂದು. ಇನ್ನೂ ಹಿಂದಕ್ಕೆ ಹೋದರೆ ಈ ಸೀಮೆಯಲ್ಲಿ ಅತಾರ್ಗತಿಸ್ ಎಂಬ ದೇವಿಯ ಆರಾಧನೆಯಿತ್ತು, ಆ ದೇವಿಗೆ ಮೀನು ಪವಿತ್ರ. ಉರ್ಫಾದ ಮೀನು ಆ ಕಾಲದ ಉಳಿಕೆ ಇರಬಹುದೆಂದು ಹಲವು ವಿದ್ವಾಂಸರ ಊಹೆ. ದೇವಿ ಹೋದಳು, ಶಿಲುಬೆ ಬಂತು, ಆಮೇಲೆ ಮಸೀದಿ ಬಂತು. ಕಥೆ ಎರಡು ಸಲ ಬದಲಾದರೂ ಮೀನಿಗೆ ಬಲೆ ಬೀಸಲು ಯಾರಿಗೂ ಕೈ ಬರಲಿಲ್ಲ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನಿಗೆ ಮಂಡಕ್ಕಿ ಎಸೆದು ಬಂದವರೇ ನಾವು. ಉರ್ಫಾದಲ್ಲೂ ದಂಡೆಯ ಮೇಲೆ ಮೀನಿನ ಆಹಾರ ಮಾರುತ್ತಾರೆ. ಒಂದು ಹಿಡಿ ಎಸೆದರೆ ಸಾಕು, ಬಾಯಿ ತೆರೆದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ಇನ್ನು ಬೆಂಗಳೂರಿನ ಪೂರ್ವ ಭಾಗದವರಾದ ನಮ್ಮ ಅನುಭವ ತಿರುಗುಮುರುಗು: 2016ರಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು, ಬೆಳ್ಳಂದೂರು ಕೆರೆಗಂತೂ ಬೆಂಕಿಯೇ ಬಿತ್ತು.

ದೊಡ್ಡ ಕೊಳದ ಉದ್ದ ಸುಮಾರು 150 ಮೀಟರ್, ಅಗಲ 30 ಮೀಟರ್. ಒಂದು ಮೂಲೆಯಲ್ಲಿ ಹಲೀಲುರ್ರಹ್ಮಾನ್ ಮಸೀದಿ, 13ನೇ ಶತಮಾನದ ಆರಂಭದ್ದು. ಉತ್ತರ ದಂಡೆಯುದ್ದಕ್ಕೂ 18ನೇ ಶತಮಾನದ ರಿಜ್ವಾನಿಯೆ ಮಸೀದಿ, ಅದರ ಕಮಾನುಗಳು ನೀರಿನಲ್ಲಿ ಬಿದ್ದು ಎರಡರಷ್ಟಾಗುತ್ತವೆ. ತುಸು ದೂರದ ಗವಿಯಲ್ಲಿ ಇಬ್ರಾಹೀಮರು ಹುಟ್ಟಿದರಂತೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಬಾಗಿಲು. ಕೋಟೆಯ ಮೇಲಿನ ಎರಡು ಎತ್ತರದ ಕಂಬಗಳನ್ನು ನಮ್ರೂದನ ಕವಣೆ ಎಂದು ತೋರಿಸುತ್ತಾರೆ. ಕಂಬದ ಮೇಲಿನ ಸಿರಿಯಾಕ್ ಶಾಸನದಲ್ಲಿರುವುದು ಶಾಲ್ಮತ್ ಎಂಬ ರಾಣಿಯ ಹೆಸರು.

ಕೊಳಕ್ಕಷ್ಟೇ ಹೋಗಿ ಮರಳಿದರೆ ಅರ್ಧ ನೋಡಿದಂತೆ. ಕೊಳದ ಆಸುಪಾಸಿನಲ್ಲಿ ಅಗೆಯುವಾಗ ಸಿಕ್ಕ, ಹತ್ತು ಸಾವಿರ ವರ್ಷಕ್ಕೂ ಹಳೆಯದಾದ ಆಳೆತ್ತರದ ಕಲ್ಲಿನ ಮನುಷ್ಯ ಊರಿನ ವಸ್ತುಸಂಗ್ರಹಾಲಯದಲ್ಲಿ ನಿಂತಿದ್ದಾನೆ. 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಗೋಬೆಕ್ಲಿ ತೆಪೆಯೂ ಸನಿಹದಲ್ಲೇ ಇದೆ.

ಇಸ್ತಾಂಬುಲ್‌ನಿಂದ ಉರ್ಫಾಕ್ಕೆ ನೇರ ವಿಮಾನಗಳಿವೆ. ಮಸೀದಿಯೊಳಗೆ ಹೋಗುವ ಹೆಂಗಸರು ತಲೆವಸ್ತ್ರ ಜೊತೆಗಿಟ್ಟುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿಗೆ ಏರುತ್ತದೆ, ಬೆಂಗಳೂರಿನ ಮೈಗೆ ಅದು ಹಿಡಿಸುವುದಿಲ್ಲ. ಏಪ್ರಿಲ್ ಅಥವಾ ಅಕ್ಟೋಬರಿನಲ್ಲಿ ಹೋಗಿ.